ಜೋಡಿ ರೇಸು

ಜಯನಗರದ ನಮ್ಮ ಗ್ರಂಥಾಲಯದಲ್ಲಿ ವಿಡಿಯೋ ಗೇಮ್ ಪಂದ್ಯ ನಡೆಸಿಕೊಡುತ್ತೇನೆಂದು ಒಪ್ಪಿಕೊಂಡ ದಿನದಿಂದ ನನಗೆ ಸರಿಯಾಗಿ ನಿದ್ದೆಯಿರಲಿಲ್ಲ. ಕರೆಂಟು ಹೋಗಬಹುದು. ಎರವಲು ತಂದ ಟೀವಿ ಸುಟ್ಟುಹೋಗಬಹುದು. ಒಬ್ಬರೂ ಬಾರದಿರಬಹುದು, ಇಲ್ಲವೇ ಬಿಟಿಎಂ ಲೇಔಟಿನ ಪಿ.ಜಿ.ಗಳೆಲ್ಲ ಖಾಲಿಯಾಗಿ ಇಲ್ಲಿಗೇ ನುಗ್ಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದವರು ಪುಟ ತಿರುಗಿಸಿದರೂ ಗದರುವ, ದಿನವೂ ಪೇಪರ್ ಓದಲು ಬರುವ ತಾತ ರಂಪ ಮಾಡಬಹುದು.

ಅದ್ಯಾವುದೂ ಆಗಲಿಲ್ಲ. ತಾತ ಮುಂದಿನ ಸಾಲಿನಲ್ಲೇ ಕೂತು, ಪ್ರಾಕ್ಟೀಸಿಗೆಂದು ಒಂದು ಸುತ್ತು ಕಾರು ಓಡಿಸಿ, “ಚೆನ್ನಾಗಿದೆ ಕಣಪ್ಪ, ಇನ್ನೊಂದ್ಸಲ ಹಾಕು” ಎಂದರು.

ನನಗೆ ಬೇಕಾಗಿದ್ದುದು ಜೋಡಿಗಳ ಕಾರ್ ರೇಸ್ ಒಂದೇ. ಅದಕ್ಕಾಗಿ ನಾನೂ ನನ್ನ ಹೆಂಡತಿಯೂ ದಿನಾ ಊಟವಾದ ಮೇಲೆ ಅಭ್ಯಾಸ ಮಾಡಿದ್ದೆವು. ಮೊಬೈಲು ಬದಿಗಿಟ್ಟು ನಾವಿಬ್ಬರೂ ಒಂದೇ ಕಡೆ ನೋಡುತ್ತ ಕೂತು ಎಷ್ಟೋ ಕಾಲವಾಗಿತ್ತು. ನಿಜ ಹೇಳಬೇಕೆಂದರೆ, ಪಂದ್ಯಕ್ಕೆ ಒಪ್ಪಿಕೊಂಡದ್ದೇ ಆ ಆಸೆಗೆ.

ನಮ್ಮ ಸರದಿ ಬಂದಾಗ ಅವಳು ಕಂಟ್ರೋಲರ್ ಹಿಡಿದು ತಾತನ ಜೋಡಿಯಾಗಿ ಅವರ ಪಕ್ಕ ಕೂತಿದ್ದಳು.

“ಬೇಜಾರ್ ಮಾಡ್ಕೋಬೇಡಿ ರೀ. ನೀವು ಗೇಮಲ್ಲೂ ಹಂಪ್ ಹುಡುಕ್ತೀರ. ಇವ್ರು ಬ್ರೇಕೇ ಮುಟ್ಟಲ್ಲ.”

ರೇಸ್ ಶುರುಮಾಡಲು ಸೀಟಿ ಊದಬೇಕಾದವನು ನಾನೇ. ಊದಿದೆ.