ತಿರುಂಬ ಪಿರದಿಯಿಡು

ನಾನು ಕೆಟ್ಟಿದ್ದು ಎರಡು ತಮಿಳು ಪದಗಳಿಂದ.

ಎಪ್ಪತ್ತರ ದಶಕದ ಕೊನೆ. ತಮಿಳುನಾಡಿನ ಗಡಿಯ ನಮ್ಮೂರು ಬೇರಿಕೆಯಲ್ಲಿ ಕನ್ನಡದಲ್ಲಿ ಓದಿ, ಕೃಷ್ಣಗಿರಿಯ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ.ಗೆ ಸೇರಿದ್ದೆ. ಪಾಠ ತಮಿಳಿನಲ್ಲಿ. ಸಮೀಕರಣಕ್ಕೆ ಅಲ್ಲಿ 'ಸಮನ್ಪಾಡು' ಎನ್ನುತ್ತಾರೆ. ನನ್ನ ಪಾಡು ಮಾತ್ರ ಯಾರಿಗೂ ಸಮನಾಗಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಗಣಿತದ ಮೇಷ್ಟ್ರ ತಾತ್ಕಾಲಿಕ ಜಾಗವೊಂದು ಖಾಲಿ ಇತ್ತು. "ಜೂನ್‌ಗೆ ಪಾಸಾಗಿ ಬಾರಪ್ಪ, ಜಾಗ ನಿಂದೇಯ," ಎಂದಿದ್ದರು ಹೆಡ್‌ಮಾಸ್ಟರು.

ಕೊನೆಯ ವರ್ಷ ಅವಕಲ ಸಮೀಕರಣ ಬಂತು. ವೈ ವರ್ಗವನ್ನು ಹೊತ್ತುಕೊಂಡು ಜಗ್ಗದೆ ಕೂತ ಮೊಂಡು ಲೆಕ್ಕಗಳು. ಎಲ್ಲವನ್ನೂ ವೈ ವರ್ಗದಿಂದ ಭಾಗಿಸಿ, 'ಒಂದರ ಕೆಳಗೆ ವೈ' ಎಂಬ ಭಿನ್ನರಾಶಿ ಬಂದಲ್ಲೆಲ್ಲ ವಿ ಎಂದು ಬರೆದುಕೊಂಡರೆ, ಅದೇ ಲೆಕ್ಕ ಸರಳ ರೇಖೀಯ ಸಮೀಕರಣವಾಗಿ ಮೂಗುದಾರ ಹಾಕಿದ ಹೋರಿಯ ಹಾಗೆ ಹಿಂದೆ ಬರುತ್ತಿತ್ತು. ನನಗದು ಬಲು ಇಷ್ಟ. ವಿ ಸಿಕ್ಕಿದೊಡನೆ ಲೆಕ್ಚರರು "ತಿರುಂಬ ಪಿರದಿಯಿಡು" ಎಂದು ಬೋರ್ಡು ಒರೆಸಿಬಿಡುತ್ತಿದ್ದರು. ಕೊನೆಯ ಸಾಲನ್ನು ಆ ಮಹಾನುಭಾವರು ಒಂದು ದಿನವೂ ಬರೆದವರಲ್ಲ. ತಿರುಂಬ ಅಂದರೆ ಮತ್ತೆ. ಪಿರದಿ ಅಂದರೆ ನಮ್ಮ ಪ್ರತಿ, ನಕಲು. ಉತ್ತರವನ್ನು ಇನ್ನೊಮ್ಮೆ ಬರೆದಿಡಬೇಕು ಎಂದುಕೊಂಡೆ. ವರ್ಷವಿಡೀ ವಿ ಉತ್ತರವನ್ನು ಎರಡೆರಡು ಸಲ, ಅಂದವಾಗಿ ಚೌಕ ಹಾಕಿ ಬರೆದೆ. ಯಾರನ್ನಾದರೂ ಕೇಳೋಣವೆಂದರೆ, ತಮಿಳು ಬಾರದ ಹಳ್ಳಿ ಗಮಾರ ಎಂದಾರು ಎಂಬ ಜಂಬ ಅಡ್ಡ ಬಂತು.

ಪರೀಕ್ಷೆಯಲ್ಲೂ ಹಾಗೇ ಬರೆದೆ. ಆ ಪೇಪರಿನಲ್ಲಿ ಫೇಲಾದೆ.

ಮರುಪರೀಕ್ಷೆಗೆ ಓದಲು, ತರಗತಿಯಲ್ಲಿ ಪಕ್ಕ ಕೂರುತ್ತಿದ್ದ, ಕನ್ನಡ ತಮಿಳು ಎರಡೂ ಬಲ್ಲ ಹೊಸೂರಿನ ಗೆಳೆಯನ ನೋಟ್‌ಬುಕ್ ತಂದೆ. ಅವನು ನನ್ನದನ್ನು ನೋಡಿಯೇ ಬರೆದುಕೊಂಡವನು. ನನ್ನವೇ ಲೆಕ್ಕ, ನನ್ನವೇ ಹೆಜ್ಜೆ. ಆದರೆ ಪ್ರತಿಯೊಂದರ ಕೆಳಗೂ ನನ್ನಲ್ಲಿಲ್ಲದ ಒಂದು ಸಾಲಿತ್ತು. ವಿ ತೆಗೆದು ವೈಯನ್ನು ಅದರ ಜಾಗಕ್ಕೆ ವಾಪಸು ತಂದಿದ್ದ. ನೋಟ್‌ಬುಕ್ ಹಿಂತಿರುಗಿಸಲು ಹೋದಾಗ ಅವನನ್ನೇ ಕೇಳಿದೆ. ಪಿರದಿಯಿಡು ಅಂದರೆ ಒಂದರ ಬದಲು ಇನ್ನೊಂದನ್ನು ಇಡುವುದಂತೆ. ಪರೀಕ್ಷೆಯಲ್ಲಿ ಕೇಳಿದ್ದು ವೈ, ನಾನು ಕೊಟ್ಟು ಬಂದಿದ್ದು ವಿ.

"ನಾನು ತಪ್ಪು ಬರೀತಿದ್ದದ್ದು ನಿಂಗೆ ಗೊತ್ತಿತ್ತೇನ್ಲಾ?"

"ಗೊತ್ತಿತ್ತು ಕಣ್ಲಾ. ನೀನು ಕೇಳ್ಲೇ ಇಲ್ವಲ್ಲ."

ನೋಟ್‌ಬುಕ್ಕನ್ನು ಅವನ ಕೈಗಿಟ್ಟು ಊರಿನ ಬಸ್ಸು ಹತ್ತಿದೆ.

ಸೆಪ್ಟೆಂಬರಿನಲ್ಲಿ ನಾನು ಪಾಸಾದೆ. ಜೂನ್‌ನಲ್ಲೇ ಪಾಸಾಗಿದ್ದ ಅವನು ಅಷ್ಟರಲ್ಲಿ ನಮ್ಮೂರ ಶಾಲೆಗೆ ಮೇಷ್ಟ್ರಾಗಿ ಬಂದಾಗಿತ್ತು. ನಾನು ಹೊಸೂರಿನ ಕಾರ್ಖಾನೆಗೆ ಬಸ್ಸು ಹತ್ತತೊಡಗಿದೆ. ಒಂದು ಸಂಜೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದಾಗ, ಅದೇ ಶಾಲೆಗೆ ಹೋಗುತ್ತಿದ್ದ ತಂಗಿ ಹೊಸ ಮೇಷ್ಟ್ರನ್ನು ಹೊಗಳಿದಳು:

"ಬಲೇ ಒಳ್ಳೇರು ಕಣಣ್ಣ. ನಾವು ಕೇಳ್ದಿದ್ರೂ ತಾವೇ ತಪ್ಪು ತೋರ್ಸ್‌ತಾರೆ."