ನಗೆಪದ್ಯದ ಪುಸ್ತಕದಲ್ಲಿ ಇಲ್ಲದ ಎರಡು ಸಾಲು

ಜಹೀರಾಬಾದಿನ ರದ್ದಿ ಅಂಗಡಿಯಲ್ಲಿ ಆ ಪುಸ್ತಕ ಸಿಕ್ಕಾಗ ರಟ್ಟಿಗೆ ಜಿರಳೆ ಮೊಟ್ಟೆ ಅಂಟಿತ್ತು. ಉಗುರಿನಿಂದ ಕೆರೆದು ತೆಗೆದೆ. ಕಂಗ್ಟಿಯ ನಿವೃತ್ತ ಮಾಸ್ತರರೊಬ್ಬರು ಬರೆದ ನಗೆಪದ್ಯಗಳು. ನಾವು ಕಾಲೇಜಿನ ಗೆಳೆಯರು ಊರೂರು ತಿರುಗಿ ಆಡಿದ ಹಾಡಿನ ನಾಟಕ ಹುಟ್ಟಿದ್ದು ಇದರಿಂದಲೇ. ಆದರೂ ಪುಸ್ತಕವನ್ನು ನಾನು ಕಂಡದ್ದು ಅಂದೇ ಮೊದಲು. ನಮ್ಮ ನಿರ್ದೇಶಕ ಹಾಡುಗಳನ್ನು ತನ್ನ ಕೈಬರಹದ ಹಾಳೆಗಳಲ್ಲಷ್ಟೇ ಕೊಡುತ್ತಿದ್ದ.

ನಿಂತಲ್ಲೇ ಓದಿದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವನು, ಮೂರು ಭಾಷೆಯಲ್ಲಿ ಬೈಯುವ ಕಂಡಕ್ಟರ್, ತನ್ನ ಬೋಳುತಲೆಯನ್ನೇ ಹಾಡಿ ಹೊಗಳುವ ಮಾಸ್ತರ, ಎಲ್ಲ ಇದ್ದರು. ನಾನು ಹುಡುಕುತ್ತಿದ್ದ ಎರಡು ಸಾಲು ಮಾತ್ರ ಇರಲಿಲ್ಲ:

ಹಗಲೆಲ್ಲ ಟೆಂಟಿನ್ಯಾಗ ಉಪಾಸ ಕುಂತಾರ,
ಹೊತ್ತು ಮುಳುಗಿದ ಮ್ಯಾಲ ಮಟನ್ನು ತಿಂತಾರ.

ಹೋದ ಊರಿನ ಮೇಲೆ ಒಂದೆರಡು ಸಾಲು ಕಟ್ಟಿ ಸೇರಿಸುವುದು ನಮ್ಮ ತಂಡದ ರೂಢಿ. ನಾರಾಯಣಖೇಡದಲ್ಲಿ ಅಲ್ಲಿನ ಶೇರ್ ಆಟೊಗಳನ್ನು ಹಾಡಿ ನಗಿಸಿದ್ದೆವು. ತಾಂಡೂರಿನಲ್ಲಿ ವೇದಿಕೆಯ ಎದುರಿಗೇ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಸರದಿ ಉಪವಾಸದ ಟೆಂಟ್ ಇತ್ತು. ಈ ಸಾಲುಗಳು ಹಾಳೆಯಲ್ಲಿದ್ದವು, ಮಾಸ್ತರರದೇ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು.

ಹಾಡು ಮುಗಿಯುವ ಮೊದಲೇ ಟೆಂಟಿನಿಂದ ಇಪ್ಪತ್ತು ಮಂದಿ ಬಂದು ವೇದಿಕೆ ಹತ್ತಿದರು. ಒಬ್ಬ ಪರದೆಗೆ ಸೀಮೆಎಣ್ಣೆ ಸುರಿದ. ಅವನ ಇನ್ನೊಂದು ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಈಗಲೂ ನನ್ನ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ನಾನು ಢೋಲಕ್ಕನ್ನು ಎದೆಗವಚಿ ನಿಂತಿದ್ದೆ.

"ಯಾವನ್ಲೇ ಬರ್ದಾಂವ? ಬೋಲೋ!"

ನಿರ್ದೇಶಕ, ಅಂದು ಅತಿಥಿಯಾಗಿ ಬಂದಿದ್ದ ಮಾಸ್ತರರು ಕೂತ ಮೊದಲ ಸಾಲಿನ ಕುರ್ಚಿಯತ್ತ ಬೆರಳು ತೋರಿಸಿದ. "ನಾವು ಬರೇ ಹಾಡೋರ್ರಿ ಅಣ್ಣಾ. ಬರ್ದೋರು ಅಲ್ಲಿ ಕುಂತಾರ ನೋಡ್ರಿ."

"ಇವು ನನ್ನವಲ್ಲರೀ" ಎಂದರು ಮಾಸ್ತರರು. ಯಾರೂ ಕೇಳಲಿಲ್ಲ. ಕಿವಿ ಹಿಡಿಸಿ ಬಸ್ಕಿ ಹೊಡೆಸಿದರು. ಮುಖಕ್ಕೆ, ಆ ಬೋಳುತಲೆಗೆ, ಸುಟ್ಟ ಇಂಜಿನ್ ಆಯಿಲ್ ಬಳಿದರು. ನಾವು ಟೆಂಪೊ ಹತ್ತಿ ಓಡಿಬಂದೆವು. ದಾರಿಯಲ್ಲಿ ಯಾರೋ, "ಕೂದ್ಲ ಇಲ್ದ ತಲಿಗೆ ಪುಕ್ಕಟ ತೇಲ್ ಮಾಲಿಶ್" ಅಂದ. ನಾನೂ ನಕ್ಕೆ.

ಪುಸ್ತಕ ಹಿಡಿದು ರದ್ದಿ ಅಂಗಡಿಯಿಂದ ನೇರ ನಿರ್ದೇಶಕನ ಬಳಿ ಹೋದೆ. ಮಿರ್ಚಿ ಭಜಿ ತಿನ್ನುತ್ತಿದ್ದ.

"ಹೂಂ, ನಾನೇ ಬರ್ದೀನಿ. ಮಾಸ್ತರಗ ಮಸಿ ಹತ್ತಿತು, ಇಲ್ಲಂದ್ರ ನಮಗ ಬೆಂಕಿ ಹತ್ತತಿತ್ತು. ತಿಳೀವಲ್ದೇನು?" ಎಂದು ಬೆರಳಿನ ಎಣ್ಣೆ ನೆಕ್ಕಿದ.

"ತಾಂಡೂರಿಗಿ ಹೋಗಿ ಇದ್ದದ್ದು ಹೇಳಮು, ನಡಿ."

"ದಿಮಾಕ್ ಖರಾಬ್ ಆಗ್ಯಾದೇನು? ನೀನೇ ಹೋಗು."

ಮರುದಿನ ನಾನು ಹೋದದ್ದು ಮಾಸ್ತರರ ಊರು ಕಂಗ್ಟಿಗೆ. ಮಾಸ್ತರರ ಮುಂದೆ ಪುಸ್ತಕ ಇಟ್ಟು, "ಆ ಸಾಲು ನಿಮ್ಮವಲ್ಲಂತ ಗೊತ್ತಾತ್ರಿ ಸರ್" ಎಂದೆ.

ಅವರು ಅದನ್ನು ಮುಟ್ಟಲಿಲ್ಲ. "ನನ್ನವಲ್ಲಂತ ನನಗ ಮೊದಲೇ ಗೊತ್ತದಪ್ಪ. ತಾಂಡೂರದವ್ರಿಗಿ ಹೇಳಿಯೇನು?"

"ಇಲ್ರಿ."

"ಮತ್ತ ನನಗ್ಯಾಕ ಹೇಳಾಕ ಬಂದಿ?"

ತಾಂಡೂರಿಗೆ ಹೋಗುತ್ತೇನೆ ಎನ್ನಲು ಬಾಯಿ ತೆರೆದವನು ಪುಸ್ತಕವನ್ನು ನನ್ನತ್ತ ಎಳೆದುಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಒಳಗೆ ಕೂಗಿ ಚಹಾ ತರಿಸಿದರು.

ಚಹಾ ಕುಡಿದೆ. ತಾಂಡೂರಿಗೆ ಹೋಗಲಿಲ್ಲ.