ಇಪ್ಪತ್ತೈದನೆಯ ಕಲ್ಲು

ಗಜೇಂದ್ರಗಡದಲ್ಲಿ ಫರಸಿಕಲ್ಲು ಹಾಸುವ ಜಂಗ್ಲಿಸಾಬ ಮೊಣಕಾಲು ಮಡಚಿದರೆ ಆ ಸದ್ದಿಗೆ ಶಿರೋಳದ ನಾಯಿಗಳು ಎದ್ದು ಬೊಗಳುತ್ತಿದ್ದವು. ನಲವತ್ತು ವರ್ಷದಲ್ಲಿ ಅವನು ಹಾಸಿದ ಕಲ್ಲನ್ನೆಲ್ಲ ಸಾಲಾಗಿಟ್ಟರೆ ನರಗುಂದ ದಾಟಿ, ಚಂದ್ರನ ಪಡಸಾಲೆಯನ್ನೂ ಮುಗಿಸಿ, ನಾಲ್ಕು ಮಿಗುತ್ತಿದ್ದವು. “ಇನ್ನ ಸಾಕ್ ಮಾಡ್ರಿ” ಎಂದು ಹೆಂಡತಿ ಚಮನಬಿ ಹೇಳುತ್ತಲೇ ಇದ್ದಳು. ಆದರೆ ಕರೆದವರು ಸಾಲಿ ಕಲಿಸಿದ ದ್ಯಾವಪ್ಪ ಮಾಸ್ತರರು. ತ್ರಿಕೋನದ ಕ್ಷೇತ್ರಫಲಕ್ಕೆ ‘ಭಾಗಿಸು ಎರಡು’ ಬರೆಯದ ಹುಡುಗರ ಕಿವಿಯನ್ನು ಅವರು ಹಿಂಡಿದ ಹಿಂಡಿಕೆಗೆ, ಊರಿನ ಅರ್ಧ ಗಂಡಸರ ಎಡಗಿವಿ ಒಂದು ಗೇಣು ಜಾಸ್ತಿ.

ಮಾಸ್ತರರ ಹಿತ್ತಲು ಮೂರು ಮೂಲೆಯದು. ಒಂದು ಗೋಡೆ ಹನ್ನೆರಡು ಫೂಟು, ಅದಕ್ಕೆ ಲಂಬವಾಗಿ ಇನ್ನೊಂದು ಹದಿನಾರು. ಮೂರನೆಯ ಕಡೆ ಓರೆಯಾಗಿ ಓಣಿ. ಕಲ್ಲು ಎರಡು ಫೂಟಿನ ಚೌಕ. ಎಂಬತ್ತೆರಡು ವರ್ಷದ ಮಾಸ್ತರರು ತಾವೇ ಲೆಕ್ಕ ಹಾಕಿ ನಲವತ್ತೆಂಟು ತರಿಸಿದ್ದರು. ಟೆಂಪೊ ಓಣಿಯೊಳಗೆ ಬಾರದೆ ಎಲ್ಲವನ್ನೂ ಓಣಿಯ ಕೆಳತುದಿಯಲ್ಲೇ ಇಳಿಸಿ ಹೋಗಿತ್ತು. ಹೊರುವವನು ಜಂಗ್ಲಿಸಾಬನೊಬ್ಬನೇ.

ಹತ್ತು ಹೊತ್ತ. ಹದಿನೈದು ಹೊತ್ತ. ಕತ್ತು ಹೆಗಲೊಳಗೆ ಇಳಿದು, ಟೊಪ್ಪಿಗೆ ನೇರ ಎದೆಯ ಮೇಲೆ ಕೂತಂತಾಯಿತು.

“ದಣದ್ಯೇನೋ ಜಂಗ್ಲ್ಯಾ? ಬಲಾ ಮ್ಯಾಲಕ್ಕ, ನಡಿಗಿ ಅಡ್ಡ. ವಿಜ್ಞಾನದ ಪ್ರಕಾರ ನೀ ಮಾಡಿದ ಕೆಲಸ ಸೊನ್ನಿ!”

“ಓಣಿ ಏರ ಐತಲ್ರಿ ಸರ?”

ಮಾಸ್ತರರು ಗದ್ದ ತುರಿಸಿದರು. “ಹಂಗಾರ ಒಂದೀಟು ಆಗತೈತಿ.”

ಇಪ್ಪತ್ನಾಲ್ಕನೆಯದನ್ನು ಇಳಿಸಿದವನು ಮತ್ತೆ ಕೆಳಗೆ ಹೋಗಲಿಲ್ಲ. ಇನ್ನೊಂದು ಹೊತ್ತರೆ ಮೊಣಕಾಲು ಓಣಿಯಲ್ಲೇ ಉಳಿದು, ತಾನೊಬ್ಬನೇ ಮೇಲೆ ಬರಬೇಕಾಗುತ್ತಿತ್ತು. ಒಂದು ಕಲ್ಲಿನ ಮೇಲೆ ಮೂಲೆಯಿಂದ ಮೂಲೆಗೆ ಸೀಮೆಸುಣ್ಣದ ಗೆರೆ ಎಳೆದ.

“ಸರ, ಇದನ್ನ ಹಿಂಗ ಕೊಯ್ದರ ಎಷ್ಟ್ ತುಂಡ್ರಿ?”

“ಎರಡು.”

“ನಿಮ್ಮ ಹಿತ್ತಲಾನೂ ಹಿಂಗ ಕೊಯ್ದ ಒಂದs ತುಂಡ್ರಿ. ಇನ್ನೊಂದು ಓಣ್ಯಾಗ ಹೋತು.”

ಮಾಸ್ತರರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಗೆರೆ ಅಲ್ಲೇ ಇತ್ತು. ತುಟಿಯಲ್ಲೇ ಗುಣಿಸಿ, ಈ ಸಲ ಎರಡರಿಂದ ಭಾಗಿಸಿ, ಮೆಲ್ಲಗೆ ಕಟ್ಟೆಯ ಮೇಲೆ ಕೂತರು.

“ಟೆಂಪೊದಂವಗ ನೀನs ಫೋನ್ ಮಾಡಪಾ. ನಾ ಮಾಡಿದ್ರ ಊರ ತುಂಬ ಹೇಳ್ತಾನ. ಅವನೂ ನನ್ನ ಕೈಯಾಗ ಕಲಿತಂವ.”

ಗೆದ್ದು ಮೆರೆಯುವಷ್ಟು ಕಸುವು ಜಂಗ್ಲಿಸಾಬನಲ್ಲಿ ಉಳಿದಿರಲಿಲ್ಲ. ಫೋನು ಕಿವಿಗಿಟ್ಟು ಹೇಳಿದ:

“ಇಪ್ಪತ್ನಾಕ ಕಲ್ಲ ಹೆಚ್ಚಾಗ್ಯಾವ, ಒಯ್ಯೋ ಮಾರಾಯ. ಹೂಂ, ಲೆಕ್ಕ ತಪ್ಪಿದ್ದು ನಂದs.”